ಗುಳಿಗೆ ಪಟ್ಟಿಯ ಮೀನು

ನಮ್ಮ ಮನೆಯವರು ತೀರಿಕೊಂಡ ಮೇಲೆ ಕರ್ಮಗಳು ಮುಗಿಯುವತನಕ ಮನೆ ತುಂಬ ಜನ ಇದ್ದರು. ಕಡೆಗೆ ಉಳಿದಿದ್ದ ನನ್ನ ತಂಗಿಯನ್ನೂ ಕಾತ್ರಜದಲ್ಲಿ ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿ, ನಿಗಡಿಯ ನಮ್ಮ ಫ್ಲ್ಯಾಟಿಗೆ ಮರಳಿದಾಗ ಮಧ್ಯಾಹ್ನ ಮೂರು ಗಂಟೆ. ಚಪ್ಪಲಿ ಬಿಟ್ಟವಳೇ ಹೋಗಿ ಮಲಗುವ ಕೋಣೆಯ ಕಪಾಟು ತೆರೆದೆ. ಎರಡು ಅರೆಗಳ ತುಂಬ ಅವರ ಔಷಧಿ. ನಾಲ್ಕು ವರ್ಷ ಅವರು ಡಯಾಲಿಸಿಸ್ ಮೇಲೆ ಬದುಕಿದ್ದರು. ಸದಾಶಿವ ಪೇಠದಲ್ಲಿದ್ದ ತಮ್ಮ ಸಣ್ಣ ಸ್ಟೇಶನರಿ ಅಂಗಡಿಯನ್ನು ಬಿಟ್ಟುಕೊಟ್ಟ ಮೇಲೆ, ಅಲ್ಲಿ ಪೆನ್ನು ಪೆನ್ಸಿಲು ಜೋಡಿಸಿಡುತ್ತಿದ್ದಷ್ಟೇ ಅಚ್ಚುಕಟ್ಟಾಗಿ ಇಲ್ಲಿ ಗುಳಿಗೆ ಜೋಡಿಸಿಡುತ್ತಿದ್ದರು.

ನನಗೆ ಅದನ್ನು ನೋಡಲಾಗಲಿಲ್ಲ. ಒಂದೊಂದೇ ಪಟ್ಟಿ ತೆಗೆದುಕೊಂಡು, ಗುಳಿಗೆಗಳನ್ನು ಬೆರಳಿನಿಂದ ಒತ್ತಿ ಉದುರಿಸಿ, ಸಂಡಾಸಿಗೆ ಹಾಕಿ ನೀರು ಬಿಟ್ಟೆ. ಬಾಟಲಿಯಲ್ಲಿದ್ದುದನ್ನು ಬಚ್ಚಲಿಗೆ ಸುರಿದೆ. ಗುಲಾಬಿ ಬಣ್ಣದ ನೀರು ಸುತ್ತಿ ಸುತ್ತಿ ಇಳಿದು ಹೋಯಿತು. ಅದು ಎಲ್ಲಿಗೆ ಹೋಗುತ್ತದೆ ಎಂದು ಆಗ ಹೊಳೆಯಲಿಲ್ಲ. ಕಣ್ಣ ಮುಂದೆ ಇರಬಾರದು, ಅಷ್ಟೇ ನನಗೆ ಬೇಕಾಗಿದ್ದುದು.

ಇದಾಗಿ ವರ್ಷದ ಮೇಲೆ, ಒಂದು ಬೇಸಿಗೆಯಲ್ಲಿ, ನಮ್ಮ ಸೊಸೈಟಿಯ ಎರಡನೇ ಮಾಳಿಗೆಯ ಹುಡುಗಿ ನನ್ನ ಬಾಗಿಲು ತಟ್ಟಿದಳು. ಮೈಸೂರಿನವಳು, ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ. ಲಿಫ್ಟಿನಲ್ಲಿ ಸಿಕ್ಕರೆ ಕನ್ನಡದಲ್ಲಿ ಎರಡು ಮಾತಾಡುವವಳು. ಬೆಳಿಗ್ಗೆ ಪವನಾ ನದಿಯ ದಂಡೆಗೆ ವಾಕಿಂಗ್ ಹೋಗುವುದು ಅವಳ ರೂಢಿ. ಅವತ್ತು ಮುಖ ಸಣ್ಣದಾಗಿತ್ತು.

"ಆಂಟಿ, ನದಿಲಿ ಮೀನೆಲ್ಲ ಸತ್ತು ತೇಲ್ತಾ ಇದೆ. ದಡದ ತುಂಬಾ. ನೀವು ಸ್ವಲ್ಪ ಬಂದು ನೋಡ್ತೀರಾ?"

ನೋಡಿ ಮಾಡುವುದೇನು ಎಂದುಕೊಂಡರೂ ಹೋದೆ. ನದಿಗೆ ಇಳಿಯುವ ಘಾಟಿನ ಮೆಟ್ಟಿಲುಗಳಿಗೆ ಹತ್ತಿಕೊಂಡು ಬಿಳಿ ಹೊಟ್ಟೆ ಮೇಲೆ ಮಾಡಿ ನೂರಾರು ಮೀನು ಬಿದ್ದಿದ್ದವು. ಅಂಗೈಯಷ್ಟು ದೊಡ್ಡವು, ಬೆರಳಿನಷ್ಟು ಸಣ್ಣವು. ಮೂಗು ಮುಚ್ಚಿಕೊಂಡು ನಿಂತ ನಾಲ್ಕು ಜನ ನಾಲ್ಕು ಮಾತು ಹೇಳುತ್ತಿದ್ದರು. ಒಬ್ಬರು ಗಟಾರದ ನೀರು ಅಂದರು, ಇನ್ನೊಬ್ಬರು ಕಾರ್ಖಾನೆ ಅಂದರು. ಯಾವುದು ಖರೆ ಎಂದು ನಮಗೆ ಯಾರೂ ಹೇಳಲಿಲ್ಲ. ಮರಳಿ ಬರುವಾಗ ಹುಡುಗಿ ಅಂದಳು, "ನಾವು ಏನೇನ್ ಬಿಡ್ತೀವೋ ಎಲ್ಲಾ ಇಲ್ಲಿಗೇ ತಾನೇ ಬರೋದು ಆಂಟಿ? ಸೋಪು, ಆಸಿಡ್ಡು. ಎಷ್ಟೋ ಜನ ಬೇಡದ ಮೆಡಿಸಿನ್ ಕೂಡ ಫ್ಲಶ್ ಮಾಡ್ತಾರಂತೆ."

ನಾನು ರಸ್ತೆ ದಾಟುವ ನೆಪದಲ್ಲಿ ಸುಮ್ಮನಾದೆ. ಆ ಮೀನುಗಳನ್ನು ನಾನೇ ಕೊಂದೆ ಎಂದು ಅನ್ನುವುದಿಲ್ಲ. ಆದರೆ ಆ ಗುಲಾಬಿ ನೀರು ಕಣ್ಣ ಮುಂದೆ ಬಂತು, ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ನಾನೇ ಇಳಿದು ಹೋಗಿ ಅವಳಿಗೆ ಹೇಳಿದೆ, ನಾನೂ ಹಾಗೆ ಮಾಡಿದವಳೇ ಎಂದು. ಅವಳು ನನ್ನನ್ನು ಒಳಗೆ ಕರೆದು ಕೂರಿಸಿದಳು. ಆಮೇಲೆ, "ಹಾಗಾದ್ರೆ ನಾವಿಬ್ರೂ ಸೇರಿ ಒಂದು ಮೀನು ಮಾಡೋಣ" ಅಂದಳು.

ಅವಳ ವಿಚಾರ ಇಷ್ಟು. ಮನೆಮನೆಯ ಖಾಲಿ ಗುಳಿಗೆ ಪಟ್ಟಿಗಳನ್ನು ಕೂಡಿಸುವುದು, ಬಿದಿರಿನ ಚೌಕಟ್ಟಿಗೆ ಕೋಳಿಗೂಡಿನ ತಂತಿ ಜಾಳಿಗೆ ಸುತ್ತಿ ಒಂದು ದೊಡ್ಡ ಮೀನು ಕಟ್ಟುವುದು, ಪಟ್ಟಿಗಳನ್ನು ಅದರ ಮೈಮೇಲೆ ಹುರುಪೆಯಂತೆ ಪೋಣಿಸುವುದು. ಘಾಟಿನ ಮೇಲೆ ಎಂಟು ದಿನ ಇಡುವುದು. ಬಂದವರು ಹತ್ತಿರ ಹೋಗಿ, ಹೊಳೆಯುವುದು ಏನು ಎಂದು ತಾವೇ ನೋಡಲಿ.

ಇದಕ್ಕೆ ಸೊಸೈಟಿಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಅಂದರೆ ಸೆಕ್ರೆಟರಿ. ಅವರ ಬಗ್ಗೆ ಇಲ್ಲಿ ಹೇಳಲೇಬೇಕು. ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಮೊದಲನೇ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಗಡಿ ಹತ್ತಿರದ ಜತ್ತ ಕಡೆಯವರು, ಮನೆಮಾತು ಕನ್ನಡ, ಆದರೂ ಸೊಸೈಟಿಯಲ್ಲಿ ಎಲ್ಲರ ಜೋಡಿ ಮರಾಠಿಯಲ್ಲೇ ಮಾತು. ನೋಟೀಸುಗಳನ್ನು ಕೆಂಪು ಪೆನ್ನಿನಿಂದ ಕೈಯಾರೆ ಬರೆಯುತ್ತಿದ್ದರು, ಅಚ್ಚು ಹಾಕಿದಂಥ ಅಕ್ಷರ. ಆ ಅಕ್ಷರ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಕಾರಣ, ನಮ್ಮವರು ಬದುಕಿದ್ದಾಗ ಒಮ್ಮೆ ಲಿಫ್ಟ್ ದುರಸ್ತಿಗೆಂದು ಹತ್ತು ದಿನ ಬಂದ್ ಮಾಡಿದ್ದರು. ನಾವಿರುವುದು ನಾಲ್ಕನೇ ಮಾಳಿಗೆ. ನಮ್ಮವರ ಡಯಾಲಿಸಿಸ್ ಇರುವ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಒಂದು ತಾಸು, ಮಧ್ಯಾಹ್ನ ಒಂದು ತಾಸು ಲಿಫ್ಟ್ ನಡೆಸಲು ಬರುತ್ತದೆ ಎಂದು ಮೆಕ್ಯಾನಿಕ್ಕೇ ಹೇಳಿದ್ದ. ನಾನು ಹೋಗಿ ಕೇಳಿಕೊಂಡೆ. "ಒಬ್ಬರ ಸಲುವಾಗಿ ನಿಯಮ ಬದಲ ಮಾಡಾಕ ಬರೂದಿಲ್ರಿ" ಅಂದರು. ನನ್ನ ಜೋಡಿ ಅವರು ಆಡಿದ ಮೊದಲ ಕನ್ನಡ ಮಾತು ಅದು. ಆ ಹತ್ತು ದಿನ ನಮ್ಮವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ ವಾಚ್‌ಮನ್ನೂ ರಿಕ್ಷಾದವನೂ ಮೆಟ್ಟಿಲು ಇಳಿಸಿದರು, ಹತ್ತಿಸಿದರು. ಪ್ರತಿ ಮಾಳಿಗೆಯಲ್ಲೂ ಬಾಗಿಲು ತೆರೆದು ಜನ ನೋಡುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವತ್ತಿನಿಂದ ನಾನು ಸೆಕ್ರೆಟರಿಯ ಮುಖ ನೋಡುವುದನ್ನು ಬಿಟ್ಟಿದ್ದೆ.

ಮೀಟಿಂಗಿನಲ್ಲಿ ಅವರು ಹುಡುಗಿಯ ವಿಚಾರ ಕೇಳಿ, "ಕಸಾನ ಹೊರಗ ಹಾಕಾಕ ಸೊಸೈಟಿ ಅದ, ಒಳಗ ತರಾಕ ಅಲ್ಲ" ಎಂಬರ್ಥದ ಮಾತನ್ನು ಮರಾಠಿಯಲ್ಲಿ ಹೇಳಿದರು. ಆದರೆ ಉಳಿದವರಿಗೆ ಮೀನು ಮನಸ್ಸಿಗೆ ಬಂದಿತ್ತು. ಸತ್ತ ಮೀನಿನ ವಾಸನೆ ಅಷ್ಟು ದಿನ ಎಲ್ಲರ ಮೂಗಿನಲ್ಲಿತ್ತು. ಕೈ ಎತ್ತಿದಾಗ ಅವರೊಬ್ಬರೇ ಬೇರೆ ಆದರು. ಬಳಕೆ ಇಲ್ಲದ ಸೈಕಲ್ ಸ್ಟ್ಯಾಂಡನ್ನು ಕೊಡಬೇಕಾಯಿತು. ಅದರ ನೋಟೀಸನ್ನೂ ಅವರೇ ಬರೆದರು.

ಮನೆಮನೆಯಿಂದ ಪಟ್ಟಿ ಬಂದವು, ಆದರೆ ಸಾಲಲಿಲ್ಲ. ಆಗ ನೆರವಿಗೆ ಬಂದವಳು ದಿನಾ ಬಾಗಿಲಿಗೆ ಬಂದು ಕಸ ಒಯ್ಯುವ ಹೆಂಗಸು. ನಾವೆಲ್ಲ ಅವಳನ್ನು ತಾಯಿ ಅನ್ನುತ್ತೇವೆ, ಮರಾಠಿಯಲ್ಲಿ ಅಕ್ಕ ಎಂದು ಅರ್ಥ. ಒಣ ಕಸ ಬೇರೆ ಮಾಡುವಾಗ ಗುಳಿಗೆ ಪಟ್ಟಿಗಳನ್ನು ಒಂದು ಚೀಲಕ್ಕೆ ಹಾಕಿಡಲು ಹುಡುಗಿ ಅವಳನ್ನು ಕೇಳಿಕೊಂಡಳು. ಎರಡು ತಿಂಗಳಲ್ಲಿ ಐದು ಚೀಲ ತುಂಬಿದವು.

ರವಿವಾರ ನಾವು ಏಳೆಂಟು ಹೆಂಗಸರು ಸೈಕಲ್ ಸ್ಟ್ಯಾಂಡಿನಲ್ಲಿ ಕೂತು ಪಟ್ಟಿಗಳನ್ನು ತೊಳೆದು ಒರೆಸತೊಡಗಿದೆವು. ಮೊದಲ ಅರ್ಧ ತಾಸು ನಗೆ ಮಾತು ನಡೆಯಿತು. ಆಮೇಲೆ ಒಬ್ಬಾಕೆ ಒಂದು ಪಟ್ಟಿ ಎತ್ತಿ ಹಿಡಿದು ಓದಿ, "ಅಯ್ಯ, ಇದು ನಿದ್ದಿ ಗುಳಿಗಿ ಅಲ್ಲ, ಮನಸ್ಸಿನ ರೋಗಕ್ಕ ಕೊಡೂದು. ಯಾರ ಮನ್ಯಾಗ ಇದು?" ಎಂಬರ್ಥದಲ್ಲಿ ಮರಾಠಿಯಲ್ಲಿ ಅಂದಳು. ಮೂಲೆಯಲ್ಲಿ ಕೂತಿದ್ದ ಒಬ್ಬ ಸೊಸೆಯ ಮುಖ ಬಿಳಿಚಿತು. ಅವಳ ಅತ್ತೆ ಪಕ್ಕದಲ್ಲೇ ಇದ್ದರು. ಆ ಹೊತ್ತಿಗೆ ಚೀಲ ಇಳಿಸಲು ಬಂದಿದ್ದ ತಾಯಿ ಅಲ್ಲೇ ನಿಂತು ಹೇಳಿದಳು, "ಹತ್ತು ವರ್ಷದಿಂದ ನಿಮ್ಮೆಲ್ಲರ ಕಸ ಆರಿಸುತ್ತೇನೆ. ಯಾರ ಮನೆಯಲ್ಲಿ ಏನು ಕಾಯಿಲೆ, ಯಾರ ಮನೆಯಲ್ಲಿ ಬಾಟಲಿ, ಎಲ್ಲ ಗೊತ್ತು ನನಗೆ. ಒಬ್ಬರದು ಒಬ್ಬರಿಗೆ ಹೇಳಿದ್ದೇನಾ?" ಮರಾಠಿಯಲ್ಲಿ ಅವಳು ಇದನ್ನು ಹೇಳಿದ ರೀತಿಯಲ್ಲಿ ಸಿಟ್ಟು ಇರಲಿಲ್ಲ. ಪಟ್ಟಿ ಓದಿದಾಕೆ ಅದನ್ನು ಕೆಳಗಿಟ್ಟಳು.

ಹುಡುಗಿಗೆ ಕಣ್ಣಲ್ಲಿ ನೀರು ಬಂತು. "ನಾನು ಇದನ್ನ ಯೋಚನೇನೇ ಮಾಡಿರ್ಲಿಲ್ಲ ಆಂಟಿ. ಎಲ್ಲರ ಪ್ರೈವೇಟ್ ವಿಷಯ ಇದು. ನಿಲ್ಲಿಸಿಬಿಡೋಣ್ವಾ?"

"ನಿಲ್ಲಸೂದ್ ಬ್ಯಾಡ" ಅಂದೆ. "ಹೆಸರು ಅಳಸೋಣು. ಅಳಸೂ ಕೆಲಸ ನಾನೊಬ್ಬಾಕಿ ಮಾಡ್ತೀನಿ. ನನ್ನ ಮನ್ಯಾಗ ಇನ್ನ ಮುಚ್ಚಿಡೂವಂಥಾದ್ದು ಏನೂ ಉಳಿದಿಲ್ಲ."

ಹಾಗೆ ಐದೂ ಚೀಲ ನನ್ನ ಮನೆಗೆ ಬಂದವು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಬೆಳ್ಳಿ ಹಾಳೆಯ ಮೇಲೆ ಒರೆಸಿದರೆ ಅಕ್ಷರ ಹೋಗುತ್ತದೆ, ಹೊಳಪು ಉಳಿಯುತ್ತದೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಬಾಲ್ಕನಿಯಲ್ಲಿ ಕೂತು ಒರೆಸುತ್ತಿದ್ದೆ. ಓದಬಾರದು ಎಂದು ನಿಶ್ಚಯ ಮಾಡಿದ್ದೆ. ಆದರೂ ಕಣ್ಣು ಓದಿಬಿಡುತ್ತದೆ. ಸಕ್ಕರೆ, ಬಿಪಿ, ಥೈರಾಯ್ಡ್, ಫಿಟ್ಸ್. ಬೆಳಿಗ್ಗೆ ಗೇಟಿನಲ್ಲಿ ನಗುತ್ತ ಹೋಗುವ ಮಂದಿ ಇಷ್ಟೆಲ್ಲ ಹೊತ್ತುಕೊಂಡು ಹೋಗುತ್ತಾರಲ್ಲ ಎಂದು ಬೆರಗಾಗುತ್ತಿತ್ತು.

ನಾಲ್ಕನೆಯ ಚೀಲದಲ್ಲಿ ನನಗೆ ಚೆನ್ನಾಗಿ ಗುರುತಿದ್ದ ಒಂದು ಪಟ್ಟಿ ಕೈಗೆ ಬಂತು. ಊಟದ ನಡುವೆ ನುಂಗುವ ದೊಡ್ಡ ಗುಳಿಗೆಯದು. ನಮ್ಮವರು ನಾಲ್ಕು ವರ್ಷ ದಿನಾ ಮೂರು ನುಂಗಿದ್ದು. ಡಯಾಲಿಸಿಸ್ ಕೋಣೆಯಲ್ಲಿ ಕೂತವರ ಚೀಲದಲ್ಲಿ ಬಿಟ್ಟರೆ ಬೇರೆ ಎಲ್ಲೂ ನಾನು ಅದನ್ನು ಕಂಡಿರಲಿಲ್ಲ. ಒಂದಲ್ಲ, ಹುಡುಕಿದರೆ ಹದಿನೆಂಟು ಪಟ್ಟಿ. ಪ್ರತಿ ಗುಳಿಗೆಯ ಗುಂಡಿಯ ಕೆಳಗೂ ಸಣ್ಣದಾಗಿ ತಾರೀಖು ಬರೆದಿತ್ತು, ಕೆಂಪು ಪೆನ್ನಿನಲ್ಲಿ. ಏಳು ಅಂಕಿಯ ನಡುವೆ ಒಂದು ಅಡ್ಡಗೆರೆ. ನೋಟೀಸ್ ಬೋರ್ಡಿನಲ್ಲಿ ಲಿಫ್ಟ್ ಬಂದ್ ಇರುವ ತಾರೀಖುಗಳನ್ನು ಬರೆದ ಅದೇ ಕೈ.

ಆಗ ನನ್ನ ಮನಸ್ಸಿಗೆ ಮೊದಲು ಬಂದುದನ್ನು ಬರೆಯಲು ನಾಚಿಕೆಯಾಗುತ್ತದೆ. ನಿನಗೂ ಬಂತಲ್ಲ, ಎಂದುಕೊಂಡೆ. ಎದೆಯೊಳಗೆ ಏನೋ ತಣ್ಣಗಾದ ಹಾಗೆ ಆಯಿತು. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಮೇ ತಿಂಗಳ ಬಿಸಿಲಲ್ಲೂ ಅವರು ತುಂಬು ತೋಳಿನ ಅಂಗಿ ತೊಡುತ್ತಿದ್ದರು. ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ತೋಳನ್ನು ನಮ್ಮವರೂ ಹಾಗೆಯೇ ಮುಚ್ಚಿಕೊಳ್ಳುತ್ತಿದ್ದರು. ಬುಧವಾರ, ಶನಿವಾರ ಸದಾಶಿವ ಪೇಠದ ತಂಗಿಯ ಮನೆಗೆ ಹೋಗುತ್ತೇನೆ ಎಂದು ವಾಚ್‌ಮನ್ನಿಗೆ ಹೇಳಿ ಹೋಗುತ್ತಿದ್ದರು. ಒಬ್ಬರೇ ಹೋಗಿ, ನಾಲ್ಕು ತಾಸು ಯಂತ್ರಕ್ಕೆ ಕಟ್ಟಿಸಿಕೊಂಡು, ಒಬ್ಬರೇ ಬಂದು, ಮತ್ತೆ ನೋಟೀಸು ಬರೆಯುತ್ತಿದ್ದರು. ನಮ್ಮವರಿಗೆ ನಾನಿದ್ದೆ. ಅಷ್ಟಾಗಿಯೂ ಮನೆಗೆ ಬಂದರೆ ಅವರಿಗೆ ಒಂದು ಲೋಟ ಎತ್ತುವ ಶಕ್ತಿ ಇರುತ್ತಿರಲಿಲ್ಲ.

ಹದಿನೆಂಟು ಪಟ್ಟಿಗಳನ್ನೂ ಅವತ್ತೇ ಒರೆಸಿಬಿಟ್ಟೆ. ಕೆಂಪು ಬಣ್ಣ ಹತ್ತಿಗೆ ಬಂತು.

ಒಂದು ವಾರ ಸುಮ್ಮನಿದ್ದೆ. ಹೋಗಲು ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. ಮುಂದಿನ ಬುಧವಾರ ಮಧ್ಯಾಹ್ನ ಅವರು ರಿಕ್ಷಾದಿಂದ ಇಳಿದು ಗೇಟಿನ ಕಂಬ ಹಿಡಿದು ನಿಂತಿದ್ದನ್ನು ಬಾಲ್ಕನಿಯಿಂದ ಕಂಡೆ. ವಾಚ್‌ಮನ್ ಹತ್ತಿರ ಬಂದಾಗ ಚಪ್ಪಲಿಯೊಳಗಿನ ಹರಳು ತೆಗೆಯುವವರ ಹಾಗೆ ಬಗ್ಗಿದರು. ಅವತ್ತು ಸಂಜೆ ಹೀರೇಕಾಯಿ ಹೆಚ್ಚಿದೆ.

ಬಾಗಿಲು ತೆರೆದ ಸೆಕ್ರೆಟರಿ ನನ್ನನ್ನೂ ಡಬ್ಬಿಯನ್ನೂ ನೋಡಿ, "ಏನ್ರಿ? ಮೀನಿನ ಕೆಲಸ ಇದ್ರ ನಾಳೆ ಬರ್ರಿ" ಅಂದರು.

"ಮೀನಿಂದಲ್ರಿ. ಹೀರೇಕಾಯಿ ಪಲ್ಯ ತಂದೀನಿ. ಎರಡು ಸಲ ಕುದಿಸಿ ನೀರು ಚೆಲ್ಲಿ ಮಾಡೀನಿ. ಟೊಮೆಟೊ ಇಲ್ಲ, ಕೊಬ್ರಿ ಇಲ್ಲ. ಉಪ್ಪು ಚೂರ ಹೆಸರಿಗಷ್ಟ."

ಡಯಾಲಿಸಿಸ್ ಮನೆಯವರನ್ನು ಬಿಟ್ಟರೆ ಯಾರೂ ಪಲ್ಯವನ್ನು ಹಾಗೆ ಮಾಡುವುದಿಲ್ಲ. ಅವರಿಗೆ ಅದು ತಿಳಿಯಿತು. ಬಾಗಿಲಿನ ಮೇಲಿದ್ದ ಕೈ ಸ್ವಲ್ಪ ಕೆಳಗೆ ಜಾರಿತು.

"ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ. ಪಟ್ಟಿ ಮ್ಯಾಲ ನಿಮ್ಮ ಅಕ್ಷರ ಇತ್ತು. ನಾನೊಬ್ಬಾಕಿನ ನೋಡೀನಿ. ಅಳಿಸೀನಿ."

ಬಾಗಿಲನ್ನು ಪೂರ್ತಿ ತೆರೆದು, "ಒಳಗ ಬರ್ರಿ" ಅಂದರು.

ಮೇಜಿನ ಮೇಲೆ ಒಂದು ನೀರಿನ ಬಾಟಲಿ ಇತ್ತು. ಅದಕ್ಕೆ ಮೇಲಿನಿಂದ ಕೆಳಗೆ ಗೆರೆ ಎಳೆದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಪಾಲು ಮಾಡಿದ್ದರು. ದಿನಕ್ಕೆ ಇಷ್ಟೇ ಎಂದು ನೀರು ಕುಡಿಯುವುದು ಏನೆಂದು ನನಗೆ ಗೊತ್ತಿತ್ತು. ಕುರ್ಚಿ ತೋರಿಸಿ ತಾವು ನಿಂತೇ ಇದ್ದರು. ಏಕೆ ಮುಚ್ಚಿಟ್ಟಿರಿ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು, "ಪಾಪ ಅಂತಾರಲ್ರಿ ಮಂದಿ, ಅದು ಬ್ಯಾಡಾಗಿತ್ತು ನನಗ." ಆಮೇಲೆ ಗೋಡೆ ನೋಡುತ್ತ, "ನಿಮ್ಮವರನ್ನ ಕುರ್ಚಿ ಮ್ಯಾಲ ಇಳಿಸೂ ಮುಂದ ನಾನು ಈ ಬಾಗಲಾ ತೆರದಿರಲಿಲ್ಲ. ಒಳಗ ನಿಂತು ಕೇಳ್ತಿದ್ದೆ" ಅಂದರು.

ಕ್ಷಮಿಸಿದೆ ಎನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ಬಂದಿದ್ದರೆ ಅದು ಸುಳ್ಳಾಗುತ್ತಿತ್ತು. "ನಾನು ಅದನ್ನ ಮರತಿಲ್ರಿ" ಅಂದೆ.

"ಮರೀಬ್ಯಾಡ್ರಿ" ಅಂದರು.

ಡಬ್ಬಿ ಅಲ್ಲಿಟ್ಟು ಬಂದೆ. ಮರುದಿನ ಬೆಳಿಗ್ಗೆ ತೊಳೆದ ಡಬ್ಬಿ ನನ್ನ ಬಾಗಿಲ ಮುಂದೆ ಇತ್ತು.

ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಮೀನು ಘಾಟಿಗೆ ಹೋಯಿತು. ಟೆಂಪೋದಲ್ಲಿ ಹಿಡಿಸಲಿಲ್ಲ, ಬಾಲವನ್ನು ಬೇರೆಯಾಗಿ ಒಯ್ದು ಅಲ್ಲಿ ಕಟ್ಟಬೇಕಾಯಿತು. ಬಾಯಿ ನದಿಯ ಕಡೆ, ಬಾಲ ಊರಿನ ಕಡೆ. ಹೊಟ್ಟೆಯ ಒಂದು ಪಕ್ಕ ತೆರೆದಿಟ್ಟು ಒಳಗೆ ಖಾಲಿ ಸಿರಪ್ ಬಾಟಲಿಗಳನ್ನು ತೂಗಿಬಿಟ್ಟಿದ್ದೆವು. ಗಾಳಿ ಬೀಸಿದರೆ ಸಾವಿರಾರು ಪಟ್ಟಿ ಒಟ್ಟಿಗೆ ಸರಸರ ಎನ್ನುತ್ತಿದ್ದವು, ಒಣಗಿದ ಜೋಳದ ಹೊಲದ ಹಾಗೆ. ದೂರದಿಂದ ಜನ ಫೋನು ಹಿಡಿದು ನಗುತ್ತ ಬರುತ್ತಿದ್ದರು. ಹತ್ತಿರ ಬಂದು ಹುರುಪೆ ಏನೆಂದು ಗುರುತು ಹತ್ತಿದಾಗ ಫೋನು ಕೆಳಗಿಳಿಯುತ್ತಿತ್ತು. ಹೆಸರು ಅಳಿಸಿದ್ದರೂ ಗುಂಡಿಗಳ ಬಣ್ಣ ಉಳಿದಿತ್ತು. ಒಬ್ಬ ಮುದುಕಿ ಒಂದು ಕಿತ್ತಳೆ ಬಣ್ಣದ ಪಟ್ಟಿಯ ಮೇಲೆ ಬೆರಳಿಟ್ಟು, "ಇದು ನನ್ನ ಮಗನದು" ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿ ಹೋದಳು. ಅತ್ತೆ ಸೊಸೆ ಜೋಡಿಯಾಗಿ ಬಂದರು. ಅತ್ತೆ ಸೊಸೆಯ ಚೀಲ ಹಿಡಿದಿದ್ದರು. ಅಷ್ಟು ನಾನು ಕಂಡೆ.

ಏಳನೆಯ ದಿನ ಶನಿವಾರ. ಮಧ್ಯಾಹ್ನದ ಹೊತ್ತಿಗೆ ಸೆಕ್ರೆಟರಿ ರಿಕ್ಷಾದಲ್ಲಿ ಬಂದರು, ಡಯಾಲಿಸಿಸ್ ಮುಗಿಸಿ ನೇರ ಅಲ್ಲಿಗೇ. ತೋಳಿಗೆ ಕಟ್ಟಿದ ಬ್ಯಾಂಡೇಜು ಅಂಗಿಯ ಹೊರಗೆ ಕಾಣುತ್ತಿತ್ತು, ಮುಚ್ಚಿಕೊಂಡಿರಲಿಲ್ಲ. ಕೋಲು ಊರಿ ಮೀನನ್ನು ಒಂದು ಸುತ್ತು ಹಾಕಿದರು. ಚೌಕಟ್ಟಿನ ಒಂದು ಕಡೆ ಬಿದಿರು ವಾಲಿದ್ದನ್ನು ಹುಡುಗಿಗೆ ತೋರಿಸಿ ಅಲ್ಲೊಂದು ಆಸರೆ ಕೊಡಲು ಹೇಳಿದರು. ಹುಡುಗಿ ಅವರ ತೋಳು ನೋಡಿದಳು, ನನ್ನನ್ನು ನೋಡಿದಳು. ಹಗ್ಗ ತರಲು ಹೋದಳು. ಅವತ್ತು ಸಂಜೆಯೊಳಗೆ ಸೊಸೈಟಿಗೆಲ್ಲ ವಿಷಯ ತಿಳಿಯಿತು. ಕೆಲವರು ಪಾಪ ಅಂದರು. ಅವರು ಕೇಳಿಸಿಕೊಂಡರು.

ಮೀನು ಬಿಚ್ಚಿದ ಮೇಲೆ ಹುಡುಗಿಗೆ ದೊಡ್ಡ ಚಿಂತೆ ಬಂತು. ಬೆಳ್ಳಿ ಹಾಳೆ, ಪ್ಲಾಸ್ಟಿಕ್ ಎರಡೂ ಅಂಟಿಕೊಂಡಿರುವ ಆ ಪಟ್ಟಿಗಳನ್ನು ಗುಜರಿಯವರೂ ಕೊಳ್ಳುವುದಿಲ್ಲ. "ಇಷ್ಟೆಲ್ಲಾ ಮಾಡಿ ಕೊನೆಗೆ ಮತ್ತೆ ಕಸಾನೇ ಆಯ್ತಲ್ಲ ಆಂಟಿ" ಎಂದು ಅತ್ತಳು. ತಾಯಿ ಚೀಲಗಳನ್ನು ಗಾಡಿಗೆ ಏರಿಸುತ್ತ, ಮೊದಲೂ ಕಸವೇ ಆಗಿತ್ತು, ಈಗ ನಾಲ್ಕು ಜನ ನೋಡಿದರು, ಅಂದಳು. ಉಳಿದ ಔಷಧಿಯನ್ನು ಬಚ್ಚಲಿಗೆ ಸುರಿಯದೆ ತಂದು ಹಾಕಲು ಗೇಟಿನ ಹತ್ತಿರ ಒಂದು ಡಬ್ಬಿ ಇಟ್ಟೆವು. ತುಂಬಿದಾಗ ಒಯ್ದು ಆಸ್ಪತ್ರೆಯ ಕಸದ ಜೋಡಿ ಕಳಿಸಲು ಮೂಲೆಯ ಔಷಧಿ ಅಂಗಡಿಯವರು ಒಪ್ಪಿದ್ದಾರೆ. ಎಲ್ಲರೂ ಹಾಕುವುದಿಲ್ಲ. ಕೆಲವರು ಹಾಕುತ್ತಾರೆ.

ಈಗ ಬುಧವಾರ ಸೆಕ್ರೆಟರಿಯವರ ಜೋಡಿ ಅವರ ತಂಗಿಯ ಮಗ ಬರುತ್ತಾನೆ. ಶನಿವಾರ ನಾನು ಹೋಗುತ್ತೇನೆ. ಮೊದಲ ಸಲ ಹೋದಾಗ ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ನನ್ನ ಕಾಲು ನಿಂತುಬಿಟ್ಟಿತು. ನಮ್ಮವರು ಮಲಗುತ್ತಿದ್ದಂಥದೇ ಹಾಸಿಗೆ, ಅದೇ ಯಂತ್ರದ ಸಪ್ಪಳ, ಅದೇ ವಾಸನೆ. "ನೀವು ಹೊರಗ ಕೂಡ್ರಿ, ಒಳಗ ಬರೂ ಕಾರಣ ಇಲ್ಲ" ಅಂದರು ಅವರು. ನಾನು ಒಳಗೇ ಕೂತೆ. ನರ್ಸ್ ಒಂದು ಫಾರಂ ಕೊಟ್ಟು, ಜೊತೆಗಿರುವವರ ಹೆಸರು ಮತ್ತು ಸಂಬಂಧ ಬರೆಯಲು ಹೇಳಿದಳು. ಸಂಬಂಧ ಎಂಬಲ್ಲಿ ಏನು ಬರೆಯಬೇಕು ತಿಳಿಯದೆ ಪೆನ್ನು ಹಿಡಿದು ಕೂತಾಗ, ಹಾಸಿಗೆಯಿಂದಲೇ ಅವರು, "ನಾಲ್ಕನೇ ಮಾಳಿಗಿ ಅಂತ ಬರೀರಿ" ಅಂದರು. ನಾನು ನೆರೆಯವರು ಎಂದು ಬರೆದೆ.

ನಾವು ಹೆಚ್ಚು ಮಾತಾಡುವುದಿಲ್ಲ. ಕೆಲವೊಮ್ಮೆ ಅವರು ಜತ್ತಿನ ಕಡೆಯ ತಮ್ಮ ಹೊಲ, ಅವ್ವನ ಕನ್ನಡ ನೆನೆಯುತ್ತಾರೆ. ಸಿಟ್ಟು ಇನ್ನೂ ನನ್ನೊಳಗೆ ಇದೆ. ಕೆಲವು ಶನಿವಾರ ಎದ್ದು ಬರುತ್ತದೆ, ಕೆಲವು ಶನಿವಾರ ಮಲಗಿರುತ್ತದೆ. ವೈದ್ಯರು ಈಚೆಗೆ ವಾರಕ್ಕೆ ಮೂರು ಸಲ ಮಾಡಬೇಕಾಗಬಹುದು ಅಂದಿದ್ದಾರೆ. ಅದರ ಅರ್ಥ ನನಗೂ ಗೊತ್ತು, ಅವರಿಗೂ ಗೊತ್ತು.

ಹೋದ ಶನಿವಾರ ಮರಳುವಾಗ ದಾರಿಯುದ್ದಕ್ಕೂ ಗಾಡಿಗಳ ಸಾಲು. ರಿಕ್ಷಾ ನಿಂತು ನಿಂತು ಹೊರಟಿತ್ತು. ಅವರು ಬಾಗಿಲ ಕಂಬಿಗೆ ತಲೆ ಒರಗಿಸಿ ಕೂತವರು ಹಾಗೇ ನಿದ್ದೆ ಹೋದರು. ಬಾಯಿ ಸ್ವಲ್ಪ ತೆರೆದಿತ್ತು. ಕಂಬಿ ಬಡಿಯಬಾರದು ಎಂದು ನನ್ನ ಸೀರೆಯ ಸೆರಗು ಮಡಚಿ ತಲೆಗೂ ಕಂಬಿಗೂ ನಡುವೆ ಇಟ್ಟೆ. ಸೊಸೈಟಿಯ ಗೇಟು ಬಂತು. ರಿಕ್ಷಾದವನು ಎಂಜಿನ್ ಬಂದ್ ಮಾಡಿ ಹಿಂದೆ ತಿರುಗಿ, ಎಬ್ಬಿಸಲೇನು ಎಂದು ಕೇಳಿದ.

"ಎರಡು ನಿಮಿಷ ತಡೀರಿ" ಅಂದೆ.